ಕಾಟಿ ಚೆನ್ನಾಗಿತ್ತು

ನಮ್ಮ ಊರಿನ ಎದುರಿಗೆ ಒಂದು ಬೆಟ್ಟಸಾಲು ಇದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಗಾದೆಯಿದೆಯಲ್ಲ, ನಮ್ಮ ಬೆಟ್ಟ ಹತ್ತಿರ ಹೋಗಿ ನೋಡಿದರೂ ನುಣ್ಣಗೇ ಇರುತ್ತದೆ. ಅದನ್ನು ಹಾಗೆ ನುಣ್ಣಗೆ ಮಾಡಿದವರು ನಾವೇ. ಕೊಡಲಿಯಿಂದಲ್ಲ, ಬಾಯಿಯಿಂದ.

ಕಟ್ಟಳೆ ಇಷ್ಟು. ಅವರೆಕಾಯಿ ಬರುವ ಚಳಿಗಾಲದಲ್ಲಿ, ವರ್ಷಕ್ಕೊಬ್ಬರು ಊರಿನಿಂದ ಬೆಟ್ಟ ನೋಡಲು ಹೋಗಬೇಕು. ನೋಡಿ ಬಂದವರು ಊರಕಟ್ಟೆಯ ಮೇಲೆ ನಿಂತು ನೋಡಿದ್ದನ್ನು ಹೇಳಬೇಕು. ಹೇಳದಿದ್ದರೆ ಆ ವರ್ಷ ಬಾವಿಯ ನೀರು ಕಹಿಯಾಗುತ್ತದೆ. ಸುಳ್ಳು ಹೇಳಿದರೂ ಕಹಿಯಾಗುತ್ತದೆ. ನಿಜ ಹೇಳಿದರೆ ಮಾತ್ರ ಸಿಹಿ. ಆದರೆ ಯಾವುದನ್ನು ಕೇಳಿದವರ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೋ ಅದು ಬೆಟ್ಟವನ್ನು ಬಿಟ್ಟು ಬರುತ್ತದೆ. ಬಂದು ಕೇಳಿದವರೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬೆಟ್ಟದಲ್ಲಿ ಅದು ಇರುವುದಿಲ್ಲ.

ನಮ್ಮೂರಲ್ಲಿ ನೀರಿಗೆ ಬರ ಬಂದಿರಬಹುದು, ಮಾತುಗಾರರಿಗೆ ಬರ ಬಂದಿಲ್ಲ. ಹರಿಕಥೆಯ ದಾಸರು ತಮ್ಮ ಸರದಿಯ ವರ್ಷ ಅಬ್ಬಿಯನ್ನು ನೋಡಿ ಬಂದರು. ನೀರು ಹೇಗೆ ಬಂಡೆಯ ಅಂಚಿಗೆ ಬಂದು ಒಂದು ಗಳಿಗೆ ಅಂಜಿ ನಿಲ್ಲುತ್ತದೆ, ಆಮೇಲೆ ಹೇಗೆ ಬಿದ್ದುಬಿಡುತ್ತದೆ ಎಂದು ಹೇಳಿದರು. ಅವರು ಹೇಳುತ್ತಿದ್ದ ಹಾಗೇ ಊರಿಗೆಲ್ಲ ಕೇಳುತ್ತಿದ್ದ ಅಬ್ಬಿಯ ಸದ್ದು ನಿಂತಿತು. ಈಗಲೂ ಅಬ್ಬಿ ಎಂಬ ಹೆಸರೆತ್ತಿದರೆ ಸಾಕು, ನಮ್ಮೂರ ಮುದುಕರು ಹನಿ ಸಿಡಿದವರ ಹಾಗೆ ಮುಖ ಒರೆಸಿಕೊಳ್ಳುತ್ತಾರೆ. ಮೇಷ್ಟ್ರು ಹೋದ ವರ್ಷ ಮಂಗಟ್ಟೆ ಹಕ್ಕಿ ಬಂತು. ಸೂಲಗಿತ್ತಿ ಹೋದ ವರ್ಷ ಕೆಂಪು ಬಾಲದ ದೊಡ್ಡ ಅಳಿಲು ಬಂತು. ಅವಳ ಕೈಯಲ್ಲಿ ಆಮೇಲೆ ಹುಟ್ಟಿದ ಮಕ್ಕಳೆಲ್ಲ ನಡೆಯುವ ಮೊದಲೇ ಮರ ಹತ್ತುತ್ತವೆ. ಹೀಗೆ ಬೆಟ್ಟ ಒಂದೊಂದಾಗಿ ಊರೊಳಗೆ ಇಳಿಯಿತು. ಜನ ಎದೆ ಮುಟ್ಟಿಕೊಂಡು, ಎಲ್ಲ ನಮ್ಮಲ್ಲೇ ಇದೆಯಲ್ಲ, ಹತ್ತುವ ಕಷ್ಟವಾದರೂ ಯಾಕೆ ಅಂದರು.

ಕೊನೆಗೆ ಉಳಿದದ್ದು ಹುಲಿ ಮತ್ತು ಕಾಟಿ, ಅಂದರೆ ಕಾಡುಕೋಣ. ಆಗ ಊರ ಯಜಮಾನರಿಗೆ ಹೆದರಿಕೆಯಾಯಿತು. ಇವೂ ಬಂದುಬಿಟ್ಟರೆ ನೋಡಲು ಏನಿರುತ್ತದೆ? ನೋಡಲು ಇಲ್ಲದಿದ್ದರೆ ಹೇಳಲು ಏನಿರುತ್ತದೆ? ಹೇಳಲು ಇಲ್ಲದಿದ್ದರೆ ಬಾವಿಯ ಗತಿ ಏನು? ಆ ವರ್ಷ ಹೊರಟ ದರ್ಜಿಯ ಕೈಯಲ್ಲಿ ಅವರು ಆಣೆ ಮಾಡಿಸಿದರು: ಹುಲಿಯನ್ನು ಕೆಟ್ಟದಾಗಿ ಹೇಳತಕ್ಕದ್ದು. ದರ್ಜಿ ಆಣೆ ಮಾಡಿದ. ಹೋಗಿ ಬಂದು ಕಟ್ಟೆ ಹತ್ತಿದ. ಹುಲಿ ಇತ್ತು, ಮೈಮೇಲೆ ಪಟ್ಟೆ ಇತ್ತು ಎಂದು ಒಳ್ಳೆಯವನ ಹಾಗೇ ಶುರುಮಾಡಿದ. ಅಷ್ಟರಲ್ಲಿ ಎದುರಿಗೆ ಕೂತ ಜನರ ಮುಖ ನೋಡಿದ, ನೋಡಿದವನಿಗೆ ತಡೆಯಲಾಗಲಿಲ್ಲ. ಒಂದೊಂದೇ ಪಟ್ಟೆ ಎತ್ತಿಕೊಂಡು ಎದುರಿಗೆ ಹೊಲಿದು ತೋರಿಸಿದ. ಮುಂದಿನ ಸಾಲಿನವರು ಎದ್ದು ಓಡಿದರು. ಅಂದಿನಿಂದ ನಮ್ಮೂರ ಅತ್ತೆ ಸೊಸೆ ಜಗಳಕ್ಕೆ ಒಂದು ಬೇರೆಯೇ ಕಳೆ ಬಂದಿದೆ, ಬೆಟ್ಟದಲ್ಲಿ ಹುಲಿಯಿಲ್ಲ.

ಮರುವರ್ಷ ಯಜಮಾನರು ಸಭೆ ಸೇರಿಸಿದರು. "ಮಾತು ಬಲ್ಲವನು ಬೇಕಂತ ಕೆಟ್ಟದಾಗಿ ಹೇಳಲಾರ. ಜನ ಎದುರಿಗೆ ಕೂತ್ರೆ ನಾಲಿಗೆ ಅವನ ಮಾತು ಕೇಳಲ್ಲ. ನಮಗೆ ಬೇಕಾಗಿರೋನು ಬೇರೆ ಥರದೋನು. ಬಾಯಿ ತುಂಬ ನಿಜ ಹೇಳಬೇಕು, ಕೇಳಿದೋರಿಗೆ ಮಾತ್ರ ಏನೂ ಕಾಣಬಾರದು. ಅಂಥೋನು ಯಾರಿದ್ದಾನೆ?"

ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಊರ ಕವಿ. ಹಾಗೆಂದು ನಾನೇ ಹೇಳಿಕೊಂಡಿದ್ದೆ. ಯಾರೂ ಅಲ್ಲವೆನ್ನಲಿಲ್ಲ, ಯಾಕೆಂದರೆ ಅಲ್ಲವೆಂದವರಿಗೆ ನಾನು ಒಂದು ಪದ್ಯ ಓದಿ ತೋರಿಸುತ್ತಿದ್ದೆ. ಮಲ್ಲಿಗೆಯ ಮೇಲೆ ನಾನು ಬರೆದದ್ದನ್ನು ಓದಿದರೆ ಜನ ಎಲ್ಲಿ ಸೀಮೆಎಣ್ಣೆ ಚೆಲ್ಲಿದೆ ಎಂದು ಸುತ್ತ ನೋಡುತ್ತಿದ್ದರು. ಮಳೆಯ ಮೇಲೆ ಬರೆದದ್ದನ್ನು ಓದಿದರೆ ಬಾಯಾರುತ್ತಿತ್ತು. ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಅವತ್ತು ಮಾತ್ರ, ಸಭೆ ನನ್ನ ಕಡೆ ತಿರುಗಿದಾಗ, ಕಡೆಗೂ ಊರಿಗೆ ಬುದ್ಧಿ ಬಂತು ಎಂದುಕೊಂಡೆ. ಹೆಗಲ ಮೇಲೆ ಮಡಚಿಟ್ಟಿದ್ದ ಶಾಲು ಬಿಡಿಸಿ ಹೊದ್ದೆ.

ಮನೆಗೆ ಹೋದರೆ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಬೆಟ್ಟಕ್ಕೆ ನನ್ನನ್ನೇ ಆರಿಸಿದ್ರು ಕಣೇ," ಅಂದೆ.

"ನಿಮ್ಮನ್ನಾ? ಸದ್ಯ, ಕಾಟಿ ಬದುಕ್ತು ಬಿಡಿ," ಅಂದಳು.

ಅದನ್ನೂ ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಬೆಟ್ಟಕ್ಕೆ ಕರೆದೊಯ್ಯುವವಳನ್ನು ನಾವು ದಾರಿಯವಳು ಅನ್ನುತ್ತೇವೆ. ವಯಸ್ಸಾದ ಹೆಂಗಸು. ದಾಸರನ್ನು ಕರೆದೊಯ್ದವಳೂ ಅವಳೇ, ದರ್ಜಿಯನ್ನು ಕರೆದೊಯ್ದವಳೂ ಅವಳೇ. ಬೆಟ್ಟದ ಬುಡದಲ್ಲಿ ಒಂದು ಹಳ್ಳ ಹರಿಯುತ್ತದೆ. ಅಲ್ಲಿ ಅವಳು ನೀರಿಗೆ ಕೈಹಾಕಿ ಎರಡು ನುಣುಪು ಕಲ್ಲು ತೆಗೆಯುತ್ತಾಳೆ. ಒಂದನ್ನು ತನ್ನ ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ, ಒಂದನ್ನು ನೋಡಲು ಬಂದವರ ಕೈಗೆ ಕೊಡುತ್ತಾಳೆ. ಬೆಟ್ಟದ ಮೇಲೆ ಮಾತಾಡಬಾರದು. ಇಳಿದು ಹಳ್ಳ ಮುಟ್ಟುವ ತನಕ ಕಲ್ಲು ಬಾಯಲ್ಲಿರಬೇಕು.

ನನಗೆ ಕಲ್ಲು ಕೊಡುವ ಮೊದಲು ಅವಳು ನನ್ನ ಶಾಲನ್ನು ಒಮ್ಮೆ ನೋಡಿದಳು.

"ಇದ್ಯಾಕಯ್ಯಾ?"

"ಮರ್ಯಾದೆ ಅವ್ವಾ. ಕವಿ ಅಂತ ತಾನೇ ನನ್ನ ಆರಿಸಿರೋದು."

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನಿನಗೆ ಯಾರೂ ಹೇಳ್ಲಿಲ್ವಾ ಮಗ? ನಿನ್ನ ಬಾಯಲ್ಲಿ ಏನು ಬಂದ್ರೂ ಯಾರಿಗೂ ಏನೂ ಕಾಣಲ್ಲ ಅಂತ ಕಳಿಸಿರೋದು. ನಾನೇ ಯಜಮಾನರಿಗೆ ಹೇಳಿದ್ದು, ಇವನೇ ಆಗಬೇಕು ಅಂತ. ನಿನ್ನ ಮಲ್ಲಿಗೆ ಪದ್ಯ ಕೇಳಿದ್ದೆ."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವಳು ಅದರೊಳಗೆ ಕಲ್ಲು ಇಟ್ಟಳು.

ಬಾಯಲ್ಲಿ ಕಲ್ಲಿಟ್ಟುಕೊಂಡು ಹೊಟ್ಟೆಯಲ್ಲಿ ಬೆಂಕಿಯಿಟ್ಟುಕೊಂಡು ಬೆಟ್ಟ ಹತ್ತಿದೆ. ಹತ್ತುತ್ತ ನಿಶ್ಚಯಿಸಿದೆ: ನೋಡುತ್ತಿರು. ಹುಲಿ ದರ್ಜಿಯಿಂದ ಹೋಯಿತು, ಕಾಟಿ ನನ್ನಿಂದ ಹೋಗಲಿ. ಊರೆಲ್ಲ ಎದ್ದು ಓಡಲಿ. ಆಮೇಲೆ ಬಾವಿ ಕಹಿಯಾದರೆ ಆಗಲಿ, ಕವಿ ಎಂದು ಕರೆದು ಕಹಿ ನೀರು ಕುಡಿಯಲಿ. ನನ್ನಂಥವನಿಗೆ ಸಿಟ್ಟು ಬಂದರೆ ಲೋಕಕ್ಕೆ ಅಪಾಯವೇನೂ ಇರುವುದಿಲ್ಲ, ಆದರೆ ಅವತ್ತು ನನಗೆ ಅದು ಗೊತ್ತಿರಲಿಲ್ಲ.

ದಾರಿಯವಳು ಎಲ್ಲವನ್ನೂ ತೋರಿಸಿದಳು. ಇಲ್ಲದ್ದನ್ನೂ ತೋರಿಸಿದಳು, ಅದೂ ಕಟ್ಟಳೆ. ಅಬ್ಬಿ ಇದ್ದ ಬಂಡೆಯ ಕೆಳಗೆ ನಿಂತು ಕತ್ತೆತ್ತಿದಳು, ನಾನೂ ಕತ್ತೆತ್ತಿದೆ. ಬಂಡೆ ಒಣಗಿತ್ತು. ಬುಡದ ಜರಿಗಿಡಗಳು ಮಾತ್ರ ಬೀಳದ ನೀರಿನ ಭಾರಕ್ಕೆ ಇನ್ನೂ ಬಗ್ಗಿಕೊಂಡಿದ್ದವು. ಮಂಗಟ್ಟೆ ಇದ್ದ ಅತ್ತಿಮರದ ಕೆಳಗೆ ನಿಂತು ಕಿವಿಗೊಟ್ಟಳು, ನಾನೂ ಕಿವಿಗೊಟ್ಟೆ. ತಿನ್ನುವವರಿಲ್ಲದ ಹಣ್ಣು ಒಂದೊಂದಾಗಿ ಬೀಳುವ ಸದ್ದು. ಹುಲಿ ಮಲಗುತ್ತಿದ್ದ ಕಡೆ ಬಂದಾಗ ಅವಳು ಕುಕ್ಕರಗಾಲಿನಲ್ಲಿ ಕೂತು ಹುಲ್ಲು ಮುಟ್ಟಿದಳು. ಹುಲ್ಲು ಹುಲಿಯ ಉದ್ದಕ್ಕೆ ಮಡಚಿಕೊಂಡೇ ಇತ್ತು. ನಾನೂ ಮುಟ್ಟಿದೆ, ಬೆಚ್ಚಗಿತ್ತು. ನನ್ನ ಸಿಟ್ಟು ಅಲ್ಲೇ ಸ್ವಲ್ಪ ಇಳಿದಿರಬೇಕು, ಯಾಕೆಂದರೆ ಶಾಲು ಎಲ್ಲಿ ಬಿದ್ದುಹೋಯಿತೆಂದು ನನಗೆ ನೆನಪಿಲ್ಲ.

ನೆತ್ತಿಯ ಹುಲ್ಲುಗಾವಲಿನಲ್ಲಿ ಮಂಜು ತುಂಬಿತ್ತು. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. ನಿಂತೆವು. ಬೆಳಗಾಗುತ್ತಿತ್ತು. ಆಗ ಕಾಟಿ ಬಂತು.

ಅದು ದೊಡ್ಡದಾಗಿತ್ತು. ಕಪ್ಪಗಿತ್ತು. ಕಾಲು ಮೊಣಕಾಲಿನ ತನಕ ಬೆಳ್ಳಗಿತ್ತು. ಚಳಿಗೆ ಉಸಿರು ಹೊಗೆಯಾಗಿ ಬರುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಅಲ್ಲಿ ಬಾರಿಸುತ್ತಿದ್ದದ್ದು ಕಾಡುಕೋಣ, ಎದುರಿಗೆ ನಿಂತ ಕೋಣ ನಾನು. ಇದಕ್ಕಿಂತ ಹೆಚ್ಚು ನಾನು ನಿಮಗೆ ಹೇಳುವುದಿಲ್ಲ. ಯಾಕೆಂದು ಕಟ್ಟಳೆ ಓದಿದ ನಿಮಗೆ ಗೊತ್ತಿದೆ.

ಇಳಿಯುವಾಗ ಅದು ಆಯಿತು. ಜೀವಮಾನವೆಲ್ಲ ಕಾದರೂ ಬಾರದ್ದು, ಅಂಟುವಾಳ ಮರದ ತಿರುವಿನಲ್ಲಿ, ಕಾಲು ಜಾರಿ ಕೂತ ಹೊತ್ತಿನಲ್ಲಿ ಬಂತು. ಒಂದೇ ಒಂದು ಮಾತು. ಅದರ ಮೊದಲ ಅರ್ಧದಲ್ಲಿ ಕಾಟಿಯ ಉಸಿರಿತ್ತು, ಎರಡನೆಯ ಅರ್ಧದಲ್ಲಿ ಕಾಟಿ ಇತ್ತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಬೇರೆ ಯಾರದ್ದೋ ಇರಬೇಕೆಂದು ತಿರುಗಿಸಿ ಮುರುಗಿಸಿ ನೋಡಿದೆ. ನನ್ನದೇ. ಕೆಸರಲ್ಲಿ ಕೂತಲ್ಲೇ ಅತ್ತೆ.

ಹಳ್ಳದ ಹತ್ತಿರ ದಾರಿಯವಳು ತನ್ನ ಕಲ್ಲನ್ನು ನೀರಿಗೆ ಉಗಿದು ನನ್ನ ಮುಖ ನೋಡಿದಳು. ನನ್ನ ಕಲ್ಲು ಇನ್ನೂ ಬಾಯಲ್ಲೇ ಇತ್ತು.

"ಮಾತು ಸಿಕ್ತಲ್ವಾ?" ಅಂದಳು.

ಸುಳ್ಳು ಹೇಳಲು ಬಾಯಲ್ಲಿ ಜಾಗವಿರಲಿಲ್ಲ. ತಲೆಯಾಡಿಸಿದೆ.

"ದರ್ಜೀನೂ ಹಿಂಗೇ ಮುಖ ಅರಳಿಸ್ಕೊಂಡು ಇಳಿದಿದ್ದ." ಅವಳು ಕಲ್ಲಿನ ಮೇಲೆ ಕೂತಳು. ಬಹಳ ದಣಿದಿದ್ದಳು. "ನೀವೆಲ್ಲ ಒಂದು ಸಲ ನೋಡ್ತೀರಿ, ಹೋಗಿ ಹೇಳ್ತೀರಿ. ನಾನು ವರ್ಷಾ ವರ್ಷಾ ಹತ್ತಬೇಕು. ಬಂಡೆ ತೋರಿಸಬೇಕು, ಮರ ತೋರಿಸಬೇಕು, ಹುಲ್ಲು ತೋರಿಸಬೇಕು. ನೋಡಕ್ಕೆ ಅಂತ ನನಗೆ ಉಳಿದಿರೋದು ಅದೊಂದೇ ಮಗ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ನಾನು ಕಲ್ಲನ್ನು ಕೈಗೆ ತೆಗೆದುಕೊಂಡೆ. ಹೇಳುವುದಿಲ್ಲ ಅವ್ವಾ ಎಂದು ಆಣೆ ಮಾಡಬಹುದಿತ್ತು. ದರ್ಜಿಯೂ ಮಾಡಿದ್ದ. ಸುಮ್ಮನೆ ಹಳ್ಳ ದಾಟಿದೆ. ನೀರಿಗೆ ಹಾಕಬೇಕಾದ ಕಲ್ಲನ್ನು ಮರೆತು ಜೇಬಿಗೆ ಹಾಕಿಕೊಂಡಿದ್ದೆ.

ಊರಕಟ್ಟೆಯ ಸುತ್ತ ಜನ ಸೇರಿದ್ದರು. ಮಧ್ಯಾಹ್ನದ ಬಿಸಿಲು. ಬೇರೆಯವರು ಹೇಳುವಾಗ ಕೈಕಟ್ಟಿ ಕೂರುತ್ತಿದ್ದವರು ನನಗೆಂದು ಅವರೆಕಾಯಿಯ ಮೊರಗಳನ್ನೇ ತಂದಿದ್ದರು. ಹೇಗೂ ಕೂರುವುದು ಕೂರುತ್ತೇವೆ, ಕೆಲಸವಾದರೂ ಸಾಗಲಿ ಎಂದು. ಹೆಂಡತಿ ಎರಡನೆಯ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಮೊರ ಇಟ್ಟುಕೊಂಡಿದ್ದಳು. ಯಜಮಾನರು ಎದ್ದು, "ಕವಿಗಳು ಈಗ ಹೇಳ್ತಾರೆ, ನೀವು ಕೆಲಸ ನಿಲ್ಲಿಸಬೇಡಿ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಆ ಮಾತು ಕೂತಿತ್ತು.

ಬೆಟ್ಟ ಹತ್ತಿದೆ ಅಂದೆ. ಪಟ್ ಪಟ್ ಎಂದು ಸಿಪ್ಪೆ ಒಡೆಯಿತು. ಬಂಡೆ ನೋಡಿದೆ ಅಂದೆ. ಪಟ್ ಪಟ್. ಮರ ನೋಡಿದೆ ಅಂದೆ. ಯಾರೋ ಆಕಳಿಸಿದರು. ಹೀಗೇ ಮುಗಿಸಿಬಿಡಬಹುದಿತ್ತು. ಮುಗಿಸಬೇಕೆಂದೇ ಇದ್ದೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ಅಷ್ಟು ದಿನದ ಆಕಳಿಕೆಗಳೆಲ್ಲ ಒಟ್ಟಿಗೆ ಎದ್ದು ಬಂದು ನನ್ನ ಬೆನ್ನು ತಳ್ಳಿದವು. ಆ ಮಾತಿನ ಮೊದಲ ಅರ್ಧವನ್ನು ಹೇಳಿಬಿಟ್ಟೆ.

ಪಟ್ ಪಟ್ ನಿಂತಿತು.

ಕೈಗಳು ಕಾಯಿಯ ಮೇಲೇ ಉಳಿದವು. ಮುಖಗಳು ಮೇಲೆದ್ದವು, ಒಂದೊಂದಾಗಿ, ಗದ್ದೆಗೆ ನೀರು ಬಿಟ್ಟಾಗ ಪೈರು ಏಳುವ ಹಾಗೆ. ಉರಿಬಿಸಿಲಿನಲ್ಲಿ ಕೂತ ಅಷ್ಟೂ ಜನರ ಬಾಯಿಂದ ಬೆಳ್ಳಗೆ ಹೊಗೆ ಬಂತು. ಯಜಮಾನರ ಬಾಯಿಂದ ಬಂತು, ದರ್ಜಿಯ ಬಾಯಿಂದ ಬಂತು, ಅಮ್ಮಂದಿರ ಬಾಯಿಂದಲೂ ತೊಡೆಯ ಮೇಲಿನ ಕೂಸುಗಳ ಬಾಯಿಂದಲೂ ಬಂತು. ಕಟ್ಟೆಯ ಸುತ್ತ ಒದ್ದೆ ಹುಲ್ಲಿನ ವಾಸನೆ ಹಬ್ಬಿತು. ಹೆಂಡತಿ ನನ್ನನ್ನು ನೋಡುತ್ತಿದ್ದಳು. ಮದುವೆಯಾದ ದಿನದಿಂದ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನನಗೆ ಇನ್ನೇನು ಬೇಕಿತ್ತು? ಬೇಕಾದದ್ದೆಲ್ಲ ಬಂದು ಎದುರಿಗೆ ಕೂತಿತ್ತು. ಇನ್ನರ್ಧ ಹೇಳಿದ್ದರೆ ಆಯಿತು.

ಗುಂಪಿನ ಹಿಂದೆ ದಾರಿಯವಳು ನಿಂತಿದ್ದಳು. ಅವಳೊಬ್ಬಳ ಬಾಯಿಂದ ಹೊಗೆ ಬಂದಿರಲಿಲ್ಲ. ಎರಡು ಕೈಯಿಂದಲೂ ಗಟ್ಟಿಯಾಗಿ ಕಿವಿ ಮುಚ್ಚಿಕೊಂಡಿದ್ದಳು. ಮುಖ ನನ್ನ ಕಡೆಗಿರಲಿಲ್ಲ, ಬೆಟ್ಟದ ಕಡೆಗಿತ್ತು. ಸಾಯುತ್ತಿರುವವರ ಹತ್ತಿರ ಕೂತವರು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು.

ನನ್ನ ಬಾಯಿ ತೆರೆದಿತ್ತು. ಇನ್ನರ್ಧ ನಾಲಿಗೆಯ ತುದಿಯಲ್ಲಿತ್ತು.

"ಅಂದ್ರೆ," ಅಂದೆ, "ಎಮ್ಮೆ ಥರ ಇತ್ತು."

ಯಾರೂ ಅಲುಗಲಿಲ್ಲ. ಇನ್ನೂ ಕಾಯುತ್ತಿದ್ದರು.

"ನಾಲ್ಕು ಕಾಲಿತ್ತು. ಎರಡು ಕೊಂಬಿತ್ತು. ಬಾಲವೂ ಇತ್ತು, ಹಿಂದುಗಡೆ."

ಒಂದು ಕೂಸು ಅತ್ತಿತು. ಯಾರೋ ಕೆಮ್ಮಿದರು.

"ಒಟ್ಟಿನಲ್ಲಿ," ಅಂದೆ, "ಕಾಟಿ ಚೆನ್ನಾಗಿತ್ತು."

ಮೊದಲು ಒಂದು ಪಟ್. ಆಮೇಲೆ ಇನ್ನೊಂದು. ಆಮೇಲೆ ಕಟ್ಟೆಯ ಸುತ್ತ ಮಳೆ ಹಿಡಿದ ಹಾಗೆ ಪಟ್ ಪಟ್ ಪಟ್. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂದು ಯಾರೋ ಅಂದರು, ಜನ ನಿರಾಳವಾಗಿ ನಕ್ಕರು. ಹೆಂಡತಿ ಕಣ್ಣು ಮೊರಕ್ಕೆ ಇಳಿಸಿದಳು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಜಮಾನರು ಬಾವಿಯ ನೀರು ಸೇದಿ ಕುಡಿದು, ಸಿಹಿಯಾಗಿದೆ ಎಂದು ಸಾರಿದರು. ನನ್ನ ಬೆನ್ನು ತಟ್ಟಿ, "ನಿಮ್ಮಂಥೋರು ಊರಿಗೊಬ್ಬರು ಇರಬೇಕು ಕವಿಗಳೇ," ಅಂದರು.

ಅಂದಿನಿಂದ ಪ್ರತಿವರ್ಷ ನಾನೇ ಹೋಗುತ್ತೇನೆ. ಬೇರೆ ಯಾರ ಹೆಸರೂ ಬರುವುದಿಲ್ಲ. ನನ್ನ ಮಾತಿಗೆ ಅವರೆಕಾಯಿ ಬೇಗ ಸುಲಿಯುತ್ತದೆಂದು ಹೆಂಗಸರಲ್ಲಿ ಹೆಸರಾಗಿದೆ. ಪಕ್ಕದ ಊರಿನವರೂ ಮೊರ ಹಿಡಿದು ಬರುತ್ತಾರೆ.

ಆದರೆ ಹೇಳಿದ್ದು ಹೇಳಿದ್ದೇ. ಮರುವರ್ಷ ದಾರಿಯವಳ ಜೊತೆ ನೆತ್ತಿಗೆ ಹೋದಾಗ ಕಾಟಿ ಬಂತು. ಅದೇ ಮಂಜು, ಅದೇ ಚಳಿ. ನನ್ನ ಉಸಿರು ಹೊಗೆಯಾಗುತ್ತಿತ್ತು, ಅವಳ ಉಸಿರು ಹೊಗೆಯಾಗುತ್ತಿತ್ತು. ಕಾಟಿಯ ಮೂತಿಯ ಮುಂದೆ ಏನೂ ಇರಲಿಲ್ಲ. ಉಸಿರಾಡುತ್ತಿತ್ತು, ಪಕ್ಕೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು, ಹೊಗೆ ಮಾತ್ರ ಇಲ್ಲ. ದಾರಿಯವಳು ಬೇರೆ ಕಡೆಗಳಲ್ಲಿ ಇಲ್ಲದ್ದನ್ನು ತೋರಿಸಿದ ಹಾಗೆಯೇ ಅದರ ಮೂತಿಯ ಮುಂದಿನ ಬರಿಗಾಳಿಯನ್ನು ಕೈಯೆತ್ತಿ ತೋರಿಸಿದಳು. ನನಗೆ ಬಹಳ ನಾಚಿಕೆಯಾಯಿತು. ಆಮೇಲೆ ಅವಳು ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟಳು, ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದಳು.

ಆ ಹೊಗೆ ಇರುವುದು ನಮ್ಮೂರಿನಲ್ಲಿ. ಎಂಥ ಬೇಸಿಗೆಯಲ್ಲೂ ನಮ್ಮವರು ಬಾಯಿ ತೆರೆದರೆ ಬೆಳ್ಳಗೆ ಬರುತ್ತದೆ. ಹೊರಗಿನವರು ನೋಡಿ, ಊರೆಲ್ಲ ಬೀಡಿ ಸೇದುತ್ತದೆಯೇ ಎಂದು ಕೇಳುತ್ತಾರೆ. ಅದು ನನ್ನ ಅಚ್ಚಾದ ಒಂದೇ ಕೃತಿ. ಅದೂ ಅರ್ಧ.

ಮೊದಲ ಸಲ ಕಟ್ಟೆ ಹತ್ತಿ ಇಳಿದ ಆ ಸಂಜೆ ಮನೆಯಲ್ಲಿ ಹೆಂಡತಿ ಸುಲಿದ ಅವರೆಕಾಳಿನ ಸಾರು ಮಾಡಿದ್ದಳು. ಬಡಿಸುತ್ತ ಕೇಳಿದಳು, "ಇವತ್ತು ಮಧ್ಯದಲ್ಲಿ ಒಂದು ಮಾತು ಅಂದ್ರಲ್ಲ. ಅದು ಮುಂದೆ ಹೇಗೆ ಹೋಗ್ತಿತ್ತು?"

ಅವಳ ಬಾಯಿಂದ ಹೊಗೆ ಬರುತ್ತಿತ್ತು. ಹೇಳು ಎಂದು ಒಳಗಿನಿಂದ ಆ ಇನ್ನರ್ಧ ಗುದ್ದುತ್ತಿತ್ತು. ಹೇಳಿದ್ದರೆ ಅವಳು ಮತ್ತೆ ಹಾಗೆ ನೋಡುತ್ತಿದ್ದಳು. ಕೇಳುವವಳು ಒಬ್ಬಳೇ ಇರಬಹುದು, ಆದರೆ ಒಬ್ಬರಿಗೆ ಹೇಳಿದರೂ ಕಟ್ಟಳೆ ಕಟ್ಟಳೆಯೇ. ನಾನು ಜೇಬಿನಿಂದ ಆ ನುಣುಪು ಕಲ್ಲು ತೆಗೆದು, ಅವಳು ಅತ್ತ ತಿರುಗಿದಾಗ, ನಾಲಿಗೆಯ ಕೆಳಗಿಟ್ಟುಕೊಂಡೆ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ, "ಹೋಗ್ಲಿ ಬಿಡಿ, ಬಂದಿದ್ರೆ ತಾನೇ ಹೇಳೋದು," ಅಂದಳು. ಕುಹಕವಿರಲಿಲ್ಲ. ಪಾಪ ಅನ್ನಿಸಿತ್ತು ಅಷ್ಟೆ. ಪಾಪ ಅನ್ನಿಸಿದ್ದಕ್ಕೆ ಇನ್ನೊಂದು ಸೌಟು ಸಾರು ಹಾಕಿದಳು, ಮೇಲೆ ತುಪ್ಪವನ್ನೂ ಹಾಕಿದಳು, ಹಾಕಿ ಎದುರಿಗೆ ಕೂತಳು. ಕಲ್ಲನ್ನು ಕೈಗೆ ಉಗಿದು ಉಂಡೆ.

"ಸಾರು ಹೇಗಿದೆ?" ಅಂದಳು.

ಸಾರಿನ ಬಗ್ಗೆ, ಒಲೆಯ ಬೆಳಕಿನಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತ ಅವಳ ಬಗ್ಗೆ, ನನಗೆ ಆಗ ಒಂದು ಮಾತು ಹೊಳೆಯಿತು, ಪೂರ್ತಿ ಮಾತು. ನನಗೆ ಹೆದರಿಕೆಯಾಯಿತು.

"ಚೆನ್ನಾಗಿದೆ," ಅಂದೆ.